ಗಾಲಿಮನೆಗೆ ನಾಯಿಗಳೂ ಹೊರಟರೆ

‘ಮನೆ ಮಾರಿ ಆರ್‌ವಿಯಲ್ಲೇ ಇದ್ದುಬಿಡೋಣ ಅಂತಿದ್ದೀವಿ, ಎಷ್ಟು ಉದ್ದದ್ದು ತಗೊಳ್ಳಬೇಕು?’ ಎಂದು ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ಆಗಾಗ ಫೋನ್ ಮಾಡುತ್ತಾರೆ. ಆರ್‌ವಿ ಎಂದರೆ ಗಾಲಿಯ ಮೇಲಿನ ಮನೆ. ಹೆಚ್ಚಿನವರು ನಿವೃತ್ತಿ ಹತ್ತಿರ ಬಂದವರು, ಮಕ್ಕಳು ದೂರದ ಊರು ಸೇರಿರುವವರು, ಒಂದೋ ಎರಡೋ ನಾಯಿ ಸಾಕಿಕೊಂಡವರು. ನಾನು ಅವರಿಗೆ ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ಜುಲೈ ತಿಂಗಳ ಮಧ್ಯಾಹ್ನ ನೀವಿಬ್ಬರೂ ಸಾಮಾನು ತರಲು ಹೋದಾಗ ನಾಯಿ ಎಲ್ಲಿರುತ್ತದೆ?

ಇದಕ್ಕೆ ಉತ್ತರ ಹೊಳೆದರೆ ಯಾವ ಗಾಡಿ, ಯಾವ ದಾರಿ, ಯಾವ ತಿಂಗಳು ಎಲ್ಲಿ, ದಿನಕ್ಕೆ ಎಷ್ಟು ದೂರ ಎಂಬುದೆಲ್ಲ ಒಂದೊಂದಾಗಿ ತೀರ್ಮಾನವಾಗುತ್ತದೆ. ನಾವು ಇದನ್ನು ತಿರುಗಾಮುರುಗಾ ಮಾಡಿದವರು. ಮೊದಲು ಗಾಡಿ ಕೊಂಡೆವು, ಆಮೇಲೆ ನಾಯಿಗಳ ಬಗ್ಗೆ ಯೋಚಿಸಿದೆವು. ಲ್ಯಾಬ್ರಡಾರ್ ಬೆರಕೆಯ ಗುಂಡ, ಅನಾಥ ನಾಯಿಗಳ ಆಶ್ರಯದಿಂದ ತಂದ ಪುಟ್ಟ ಬೆಳ್ಳಿ, ನಾನು, ನನ್ನ ಗಂಡ, ಹೀಗೆ ನಾಲ್ಕು ಜೀವ. ನಾಲ್ಕು ವರ್ಷದಿಂದ ಗಾಲಿಯ ಮೇಲೇ ಸಂಸಾರ.

ಕಾವಿನಿಂದಲೇ ಶುರುಮಾಡುತ್ತೇನೆ. ಅಮೆರಿಕದ ಪಶುವೈದ್ಯರ ಸಂಘ ಪ್ರಕಟಿಸಿರುವ ಪಟ್ಟಿಯೊಂದಿದೆ. ಹೊರಗೆ 21 ಡಿಗ್ರಿ ಸೆಲ್ಸಿಯಸ್, ಅಂದರೆ ಬೆಂಗಳೂರಿನ ಡಿಸೆಂಬರ್ ಬೆಳಗಿನಷ್ಟು ಹಿತವಾದ ಹವೆ ಇದ್ದರೂ ಮುಚ್ಚಿದ ಕಾರಿನೊಳಗೆ 10 ನಿಮಿಷಕ್ಕೆ 32, ಅರ್ಧ ಗಂಟೆಗೆ 40 ಡಿಗ್ರಿ ಆಗುತ್ತದೆ. ಕಿಟಕಿಯನ್ನು ಒಂದಿಷ್ಟು ಇಳಿಸಿಟ್ಟರೂ ಹೆಚ್ಚೇನೂ ಉಪಯೋಗವಿಲ್ಲ. ಆರ್‌ವಿ ಕಾರಿಗಿಂತ ದೊಡ್ಡದು, ನಿಜ. ಆದರೆ ಅದರ ಗೋಡೆ ತೆಳು, ಸೂರಿನ ಮೇಲೆ ನೆರಳಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಸುತ್ತಲಿನ ಗಾಳಿಯೇ ಕಾದರೆ ಅದೂ ಕೆಲಸಕ್ಕೆ ಬರುವುದಿಲ್ಲ. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯವು ಇನ್ನೂ ಬೇಗ ಸೋಲುತ್ತವೆ.

ಮೊದಲ ಬೇಸಿಗೆಯಲ್ಲಿ ನ್ಯೂ ಮೆಕ್ಸಿಕೋದ ಒಂದು ಕ್ಯಾಂಪ್‌ಗ್ರೌಂಡಿನಲ್ಲಿದ್ದೆವು. ಎಸಿ ಹಾಕಿ, ನೀರಿಟ್ಟು, ಬಾಗಿಲೆಳೆದು ತರಕಾರಿಗೆ ಹೋದೆವು. ಮುಕ್ಕಾಲು ಗಂಟೆ ಬಿಟ್ಟು ಬಂದಾಗ ಇವರು ಮೆಟ್ಟಿಲ ಮೇಲೇ ನಿಂತು, ‘ಏನೇ ಇದು, ಎಸಿ ಶಬ್ದವೇ ಇಲ್ವಲ್ಲ’ ಎಂದರು. ಕರೆಂಟಿನ ಕಂಬದಲ್ಲಿ ಬ್ರೇಕರ್ ಬಿದ್ದಿತ್ತು. ಒಳಗೆ ಒಲೆಯ ಮುಂದೆ ನಿಂತ ಹಾಗಾಯಿತು. ಬೆಳ್ಳಿ ಬಚ್ಚಲಿನ ನೆಲಕ್ಕೆ ಹೊಟ್ಟೆಯೊತ್ತಿ ಮಲಗಿದ್ದಳು, ಗುಂಡನ ನಾಲಿಗೆ ಕಡುಗೆಂಪಾಗಿತ್ತು. ಪಾದ, ಹೊಟ್ಟೆಗೆ ತಣ್ಣೀರು ಸುರಿದು, ಟ್ರಕ್ಕಿನ ಎಸಿ ಹಾಕಿ ಪಶುವೈದ್ಯರ ಹತ್ತಿರ ಓಡಿದೆವು. ಎರಡೂ ಉಳಿದವು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಎಂಬುದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. ಆ ದಿನದಿಂದ ನಮ್ಮ ಎಲ್ಲ ಲೆಕ್ಕಾಚಾರಕ್ಕೂ ಒಂದೇ ಆಧಾರ: ನಾಯಿಯ ಪ್ರಾಣ ಒಂದೇ ಒಂದು ಕರೆಂಟಿನ ತಂತಿಗೆ ಜೋತುಬೀಳಬಾರದು.

ಆ ತಂತಿಯ ವಿಷಯ ಸ್ವಲ್ಪ ತಿಳಿದಿರಲಿ. ಕ್ಯಾಂಪ್‌ಗ್ರೌಂಡುಗಳಲ್ಲಿ ಸಾಮಾನ್ಯವಾಗಿ 30 ಆಂಪ್ ಅಥವಾ 50 ಆಂಪ್ ಸಂಪರ್ಕ ಕೊಡುತ್ತಾರೆ. ಕೇಳಿದರೆ ಇಪ್ಪತ್ತರ ವ್ಯತ್ಯಾಸ ಅನ್ನಿಸುತ್ತದೆ. ಆದರೆ 30 ಆಂಪ್‌ನಲ್ಲಿ ಸಿಗುವುದು 3,600 ವಾಟ್. 50 ಆಂಪ್‌ನಲ್ಲಿ 120 ವೋಲ್ಟ್‌ನ ಎರಡು ಸಾಲು ಇರುವುದರಿಂದ 12,000 ವಾಟ್, ಮೂರು ಪಟ್ಟಿಗೂ ಮೇಲೆ. 30 ಆಂಪ್ ಗಾಡಿಯಲ್ಲಿ ಎಸಿ ಓಡುತ್ತಿರುವಾಗಲೇ ನೀರು ಕಾಯಿಸುವ ಹೀಟರ್ ಮತ್ತು ಮೈಕ್ರೊವೇವ್ ಹಾಕಿದರೆ ಬ್ರೇಕರ್ ಬೀಳುತ್ತದೆ. ನಾವು ಅಂದು ಹೀಟರ್ ಆರಿಸಲು ಮರೆತಿದ್ದೆವು. ಈಗ ಹೊರಡುವ ಮೊದಲು ಎಸಿ ಮತ್ತು ಫ್ರಿಜ್ ಬಿಟ್ಟು ಮಿಕ್ಕಿದ್ದೆಲ್ಲ ಆರಿಸುತ್ತೇವೆ. ಸುಡುಬಿಸಿಲ ಮಧ್ಯಾಹ್ನ ಎಲ್ಲರ ಎಸಿ ಒಟ್ಟಿಗೆ ಓಡಿ ವೋಲ್ಟೇಜ್ ಇಳಿದಾಗ ಗಾಡಿಯ ರಕ್ಷಣೆಗೆ ಹಾಕಿದ ಸಾಧನವೇ ಕರೆಂಟು ಕಡಿಯುತ್ತದೆ ಎಂಬುದೂ ನೆನಪಿರಲಿ. ಗಾಡಿಗೆ ಅದು ಒಳ್ಳೆಯದು, ಒಳಗಿರುವ ನಾಯಿಗೆ ಅಲ್ಲ.

ಅದಕ್ಕೇ ಉಷ್ಣತೆ ತೋರಿಸುವ ಸಾಧನ ಬೇಕು. ಕೊಳ್ಳುವಾಗ ಎರಡು ಅಂಶ ನೋಡಿ: ಅದಕ್ಕೆ ತನ್ನದೇ ಬ್ಯಾಟರಿ ಇರಬೇಕು, ಸುದ್ದಿ ಕಳಿಸಲು ತನ್ನದೇ ಮೊಬೈಲ್ ಸಂಪರ್ಕ ಇರಬೇಕು. ಗಾಡಿಯ ವೈಫೈ ನಂಬಿದ ಸಾಧನ ಕರೆಂಟು ಹೋದ ಕ್ಷಣವೇ ಮೂಕವಾಗುತ್ತದೆ, ಅದು ಮಾತಾಡಬೇಕಾದದ್ದೇ ಆ ಕ್ಷಣದಲ್ಲಿ. ಎಚ್ಚರಿಕೆ ಇಬ್ಬರ ಫೋನಿಗೂ ಬರುವಂತೆ ಮಾಡಿ. ಬಾಗಿಲಿಗೆ ‘ಒಳಗೆ ಎರಡು ನಾಯಿಗಳಿವೆ’ ಎಂದು ಇಂಗ್ಲಿಷಿನಲ್ಲಿ ಬರೆದು ಎರಡೂ ಫೋನ್ ನಂಬರ್ ಅಂಟಿಸಿ. ಹೊಸ ಜಾಗದಲ್ಲಿ ಇಳಿದ ಕೂಡಲೇ ಪಕ್ಕದ ಗಾಡಿಯವರ ಪರಿಚಯ ಮಾಡಿಕೊಂಡು ನಂಬರ್ ಕೊಡುತ್ತೇವೆ, ಎಷ್ಟೋ ಸಲ ಅವರೇ ಕಂಬ ನೋಡಿ ಬ್ರೇಕರ್ ಎತ್ತಿದ್ದಾರೆ. ಮೊಬೈಲ್ ಸಿಗ್ನಲ್ ಇಲ್ಲದ ಜಾಗದಲ್ಲಿ ಬೇಸಿಗೆಯಲ್ಲಿ ನಾಯಿಯನ್ನು ಬಿಟ್ಟು ಹೋಗುವಂತೆಯೇ ಇಲ್ಲ. ಒಬ್ಬರು ಉಳಿಯಬೇಕು.

ಈಗ ಗಾಡಿಯ ಮಾತು. ಬಸ್ಸಿನಂತೆ ತಾನೇ ಓಡುವ ಮೋಟಾರ್‌ಹೋಮ್ ಒಂದು ಬಗೆ, ಕಾರು ಅಥವಾ ಟ್ರಕ್ಕಿಗೆ ಕಟ್ಟಿ ಎಳೆಯುವ ಟ್ರೇಲರ್ ಇನ್ನೊಂದು. ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯಲ್ಲೇ ಕೊಂಡಿ ಕೂರುವ ದೊಡ್ಡ ಟ್ರೇಲರಿಗೆ ಫಿಫ್ತ್ ವೀಲ್ ಎನ್ನುತ್ತಾರೆ. ನಮ್ಮದು ಅದೇ. ಉಳಿದುಕೊಳ್ಳಲು ವಿಶಾಲ, ಇಳಿದ ಮೇಲೆ ಟ್ರಕ್ ಬಿಚ್ಚಿಕೊಂಡು ಊರು ಸುತ್ತಬಹುದು. ಆದರೂ ನಾಯಿಯ ಕಣ್ಣಿನಿಂದ ನೋಡಿದರೆ ಮೋಟಾರ್‌ಹೋಮ್ ಮೇಲು ಎಂದು ನಾಲ್ಕು ವರ್ಷದ ಮೇಲೆ ನನಗನ್ನಿಸಿದೆ. ಅದರಲ್ಲಿ ಜನರೇಟರ್ ಇರುತ್ತದೆ. ಕರೆಂಟು ಹೋದರೆ ಅಥವಾ ಒಳಗಿನ ಕಾವು ಏರಿದರೆ ಅದು ತಾನಾಗಿ ಚಾಲೂ ಆಗುವ ವ್ಯವಸ್ಥೆಯನ್ನೂ ಜೋಡಿಸಬಹುದು. ಮಳೆಯಲ್ಲಿ, ಹೆದ್ದಾರಿಯ ಪಕ್ಕದಲ್ಲಿ ನಿಲ್ಲಿಸಿದಾಗ ನಾಯಿಯನ್ನು ಕೆಳಗಿಳಿಸದೆ ನೀರು ಕುಡಿಸಬಹುದು. ಜನರೇಟರ್ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಕೆಲಸ ಮಾಡುತ್ತಿದೆಯೇ ಎಂದು ತಿಂಗಳಿಗೊಮ್ಮೆ ಒತ್ತಿ ನೋಡಿ.

ಟ್ರೇಲರ್ ಓಡುವಾಗ ನಾಯಿಯನ್ನು ಅದರೊಳಗೆ ಬಿಡಬೇಡಿ. ಒಳಗಿನ ಕಾವು ಗೊತ್ತಾಗುವುದಿಲ್ಲ, ಕಪಾಟಿನಿಂದ ಸಾಮಾನು ಉರುಳುತ್ತದೆ, ಅಪಘಾತವಾದರೆ ಹೇಳುವುದೇ ಬೇಡ. ನಮ್ಮವು ಟ್ರಕ್ಕಿನ ಹಿಂದಿನ ಸೀಟಿನಲ್ಲಿ, ಅಪಘಾತದ ಪರೀಕ್ಷೆಯಲ್ಲಿ ಗೆದ್ದ ಬೆಲ್ಟ್ ಹಾಕಿಕೊಂಡು ಕೂರುತ್ತವೆ. ಇನ್ನೊಂದು ಅಪಾಯ ಹೊಸಬರಿಗೆ ಹೊಳೆಯುವುದೇ ಇಲ್ಲ. ನಿಲ್ಲಿಸಿದ ಮೇಲೆ ಗೋಡೆ ಹೊರಕ್ಕೆ ಚಾಚಿ ಕೋಣೆ ಅಗಲವಾಗುವ ಸ್ಲೈಡ್‌ಗಳಿರುತ್ತವೆ. ಅದರ ಸಂದಿಗೆ ನಾಯಿ ನುಗ್ಗಿದರೆ ನುಜ್ಜುಗುಜ್ಜಾಗುತ್ತದೆ. ಗುಂಡಿ ಒತ್ತುವ ಮೊದಲು ಎರಡೂ ನಾಯಿ ಹೊರಗೆ, ಒಬ್ಬರ ಕೈಯಲ್ಲಿ. ಇದರಲ್ಲಿ ನಾವು ಎಂದೂ ಸಡಿಲ ಬಿಟ್ಟಿಲ್ಲ.

ತೂಕದ ಲೆಕ್ಕವನ್ನೂ ಮಾಡಿಸಿ. 50 ಗ್ಯಾಲನ್ ನೀರೇ 190 ಕಿಲೋ ತೂಗುತ್ತದೆ. ಅದರ ಮೇಲೆ ನಾಯಿಗಳು, ಅವುಗಳ ಆಹಾರದ ಮೂಟೆ, ನಮ್ಮ ಅಕ್ಕಿ ಬೇಳೆ ಡಬ್ಬಗಳು. ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆ ಇರುತ್ತದೆ. ತುಂಬಿದ ಗಾಡಿಯನ್ನು ಅಲ್ಲಿ ತೂಗಿಸಿ, ಗಾಡಿಯ ಮೇಲೆ ಅಂಟಿಸಿರುವ ಮಿತಿಯೊಂದಿಗೆ ಹೋಲಿಸಿ. ಗಾಡಿಯ ಎತ್ತರವನ್ನು ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿಕೊಳ್ಳಿ. ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ 11 ಅಡಿ 8 ಅಂಗುಲದ ಒಂದು ರೈಲು ಸೇತುವೆ ಎಷ್ಟೋ ಟ್ರಕ್ಕುಗಳ ಸೂರು ಕಿತ್ತು ಹೆಸರಾಗಿತ್ತು, 2019ರಲ್ಲಿ ಅದನ್ನು 8 ಅಂಗುಲ ಎತ್ತರಿಸಿದರು.

ದಾರಿಯನ್ನು ನಾವು ಥರ್ಮಾಮೀಟರ್ ನೋಡಿ ಹಾಕುತ್ತೇವೆ. ಚಳಿಗಾಲಕ್ಕೆ ಅರಿಜೋನಾ ಅಥವಾ ಟೆಕ್ಸಸ್‌ನ ತೆಂಕಣ ತುದಿ, ಬೇಸಿಗೆಗೆ ಮೇನ್, ಮಿಷಿಗನ್‌ನ ಬಡಗಣ ಭಾಗ, ಮೊಂಟಾನಾ. ಅಷ್ಟು ದೂರ ಹೋಗಲಾಗದಿದ್ದರೆ ಎತ್ತರಕ್ಕೆ ಏರಿ. ಮಂಗಳೂರಿನಲ್ಲಿ ಬೆವರೊರೆಸಿಕೊಂಡು ಹೊರಟವರು ಮಡಿಕೇರಿಯಲ್ಲಿ ಸ್ವೆಟರ್ ಹುಡುಕುವುದಿಲ್ಲವೇ, ಹಾಗೆ. ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ಸುಮಾರು 230 ಕಿಲೋಮೀಟರ್. ಅಷ್ಟರಲ್ಲಿ 330 ಮೀಟರ್ ಎತ್ತರದಿಂದ 2,100 ಮೀಟರ್‌ಗೆ ಏರಿರುತ್ತೇವೆ, ಹತ್ತು ಡಿಗ್ರಿಗೂ ಹೆಚ್ಚು ತಂಪು ಸಿಗುತ್ತದೆ. ದಿನಕ್ಕೆ 300 ಮೈಲಿ ಮೀರಬಾರದು, ಮಧ್ಯಾಹ್ನ 3ರೊಳಗೆ ತಲುಪಬೇಕು, ತಲುಪಿದಲ್ಲಿ 3 ದಿನ ಇರಬೇಕು ಎಂಬ ಮೂರರ ಸೂತ್ರ ಆರ್‌ವಿ ಬಳಗದಲ್ಲಿ ಪ್ರಚಲಿತ. ನಾಯಿಗಳಿದ್ದರೆ 300 ಮೈಲಿಯೂ ಹೆಚ್ಚೇ. ನಾವು 150ಕ್ಕೆ ನಿಲ್ಲಿಸುತ್ತೇವೆ, ಒಂದು ಜಾಗದಲ್ಲಿ ಎರಡು ವಾರ ಇರುತ್ತೇವೆ. ಹೊಸ ಜಾಗದ ವಾಸನೆ ಹಿಡಿದು ಇದು ನನ್ನದು ಎಂದುಕೊಳ್ಳಲು ಬೆಳ್ಳಿಗೆ ನಾಲ್ಕು ದಿನವಾದರೂ ಬೇಕು.

ರಾಷ್ಟ್ರೀಯ ಉದ್ಯಾನಗಳ ವಿಷಯದಲ್ಲಿ ಬಹಳ ಜನ ನಿರಾಶರಾಗುತ್ತಾರೆ. ಹೆಚ್ಚಿನ ಉದ್ಯಾನಗಳಲ್ಲಿ ನಾಯಿಗೆ ರಸ್ತೆ, ಪಾರ್ಕಿಂಗ್ ಮತ್ತು ಕ್ಯಾಂಪ್‌ಗ್ರೌಂಡ್‌ಗೆ ಮಾತ್ರ ಪ್ರವೇಶ, ಅದೂ 6 ಅಡಿ ಮೀರದ ಲೀಶ್‌ನಲ್ಲಿ. ಕಾಡಿನ ಕಾಲುದಾರಿಗೆ ಬಿಡುವುದಿಲ್ಲ. ಯೆಲ್ಲೋಸ್ಟೋನ್‌ನಲ್ಲಿ ರಸ್ತೆಯಿಂದ 100 ಅಡಿಯಾಚೆ ಹೋಗುವಂತಿಲ್ಲ, ಬುಗ್ಗೆಗಳ ನಡುವಿನ ಮರದ ಹಾದಿಯನ್ನೂ ಮೆಟ್ಟುವಂತಿಲ್ಲ. ಆ ನಿಯಮ ಕಂಡು ಸಿಡುಕುವವರಿಗೆ ನಾನು 1981ರ ಘಟನೆ ಹೇಳುತ್ತೇನೆ. ಅಲ್ಲಿನ ಸೆಲೆಸ್ಟೀನ್ ಪೂಲ್ ಎಂಬ ಕುದಿನೀರಿನ ಬುಗ್ಗೆಗೆ ವಾಹನದಿಂದ ತಪ್ಪಿಸಿಕೊಂಡ ನಾಯಿಯೊಂದು ಹಾರಿತು. ಅದನ್ನು ಎಳೆದು ತರಲು ಧುಮುಕಿದ ಯುವಕನೂ ಸುಟ್ಟು ಸತ್ತ. ಲೀಶ್ ಎಂದರೆ ಅಷ್ಟು ದೊಡ್ಡ ವಿಷಯ.

ನಾಯಿಗಳನ್ನು ಮನಸಾರೆ ಒಳಗೆ ಬಿಡುವ ಉದ್ಯಾನಗಳೂ ಇವೆ, ದಾರಿಯನ್ನು ಅವುಗಳ ಸುತ್ತ ಹೆಣೆಯಿರಿ. ಮೇನ್‌ನ ಅಕೇಡಿಯಾದಲ್ಲಿ ಸುಮಾರು 100 ಮೈಲಿ ಕಾಲುದಾರಿ, 45 ಮೈಲಿ ಸಾರೋಟು ರಸ್ತೆಗಳಲ್ಲಿ ಲೀಶ್ ಹಾಕಿದ ನಾಯಿ ನಡೆಯಬಹುದು. ವರ್ಜೀನಿಯಾದ ಶೆನಾಂಡೋವಾದಲ್ಲಿ ಕೆಲವನ್ನು ಬಿಟ್ಟರೆ ಎಲ್ಲ ದಾರಿಗಳೂ ತೆರೆದಿವೆ. ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್, ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಕೂಡ ಹೀಗೆಯೇ. ವೈಟ್ ಸ್ಯಾಂಡ್ಸ್‌ನ ಬಿಳಿ ಮರಳಿನ ದಿಬ್ಬದ ಮೇಲೆ ಗುಂಡ ಮೊದಲ ಸಲ ಹೊರಳಿದ್ದನ್ನು ನೋಡಿದಾಗ, ಈ ಬದುಕಿಗೆ ಅವನನ್ನು ಕರೆತಂದದ್ದು ತಪ್ಪಾಗಲಿಲ್ಲ ಅನ್ನಿಸಿತು. ಗ್ರ್ಯಾಂಡ್ ಕ್ಯಾನಿಯನ್‌ನ ಸೌತ್ ರಿಮ್‌ನಲ್ಲಿ ಕಮರಿಯ ಅಂಚಿನ ದಾರಿಯಲ್ಲಿ ನಾಯಿಯೊಂದಿಗೆ ನಡೆಯಬಹುದು, ಕಮರಿಗೆ ಇಳಿಯುವಂತಿಲ್ಲ. ಇನ್ನೊಂದು ಉಪಾಯವೆಂದರೆ ಉದ್ಯಾನದ ಪಕ್ಕದ ರಾಷ್ಟ್ರೀಯ ಅರಣ್ಯದಲ್ಲಿ ಉಳಿಯುವುದು. ಬೆಟ್ಟ ಅದೇ, ಗಾಳಿ ಅದೇ, ಅರಣ್ಯ ಇಲಾಖೆಯ ಬಹುಪಾಲು ದಾರಿಗಳಲ್ಲಿ ನಾಯಿಗೆ ತಡೆಯಿಲ್ಲ. 62 ದಾಟಿದ ನಾಗರಿಕರು ಮತ್ತು ಗ್ರೀನ್ ಕಾರ್ಡ್‌ನವರಿಗೆ 80 ಡಾಲರ್‌ಗೆ ಉದ್ಯಾನ ಪ್ರವೇಶದ ಜೀವಮಾನದ ಪಾಸ್ ಸಿಗುತ್ತದೆ. ಕೇಂದ್ರ ಸರ್ಕಾರದ ಅನೇಕ ಕ್ಯಾಂಪ್‌ಗ್ರೌಂಡುಗಳಲ್ಲಿ ಆ ಪಾಸ್ ಇದ್ದವರಿಗೆ ಅರ್ಧ ಬೆಲೆ. ಖಾಸಗಿ ಕ್ಯಾಂಪ್‌ಗ್ರೌಂಡುಗಳಲ್ಲಿ ಕಾಯ್ದಿರಿಸುವ ಮೊದಲೇ ತಳಿ ಮತ್ತು ಸಂಖ್ಯೆಯ ನಿಯಮ ಕೇಳಿ. ಪಿಟ್‌ಬುಲ್, ರಾಟ್‌ವೈಲರ್, ಡಾಬರ್‌ಮನ್‌ಗಳನ್ನು ಹಲವರು ಬಿಡುವುದಿಲ್ಲ, ಎರಡಕ್ಕಿಂತ ಹೆಚ್ಚು ನಾಯಿಗೂ ಒಪ್ಪುವುದಿಲ್ಲ.

ನಾಯಿಯನ್ನು ಬಿಡದ ಕಾಲುದಾರಿಗಳಿರುವ ಕಡೆ ನಾವು ಸರದಿ ಹಾಕಿಕೊಳ್ಳುತ್ತೇವೆ. ಬೆಳಿಗ್ಗೆ ಇವರು ಬೆಟ್ಟ ಹತ್ತಿ ಬರುತ್ತಾರೆ, ಸಂಜೆ ನಾನು. ಮೊದಮೊದಲು ಇದು ಜೊತೆಗಿರಬೇಕೆಂದು ಹೊರಟ ಪ್ರಯಾಣಕ್ಕೆ ಕೊರತೆ ಅನ್ನಿಸುತ್ತಿತ್ತು. ಈಗ ಆ ಎರಡು ಗಂಟೆಯ ಒಂಟಿತನವೇ ಇಬ್ಬರನ್ನೂ ಕಾಪಾಡಿದೆ ಎನ್ನುತ್ತೇನೆ. ಎಂಟೂವರೆ ಅಡಿ ಅಗಲದ ಮನೆಯಲ್ಲಿ ಮುನಿಸಿಕೊಂಡರೆ ಹೋಗಿ ಕೂರಲು ಇನ್ನೊಂದು ಕೋಣೆ ಇರುವುದಿಲ್ಲ. ನಾಯಿಯ ಲೀಶ್ ಹಿಡಿದು ಹೊರಗೆ ಹೋಗಬಹುದು, ಬರುವಷ್ಟರಲ್ಲಿ ಕೋಪ ಇಳಿದಿರುತ್ತದೆ.

ಜಗಳಗಳು ಬಹುಪಾಲು ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಹುಟ್ಟುತ್ತವೆ. ‘ರೀ, ನಿಲ್ಸಿ ನಿಲ್ಸಿ!’ ಎಂದು ನಾನು ಕೂಗುವುದು, ‘ಯಾವ ಕಡೆಗೆ ಅಂತ ಸರಿಯಾಗಿ ಹೇಳಬಾರದಾ?’ ಎಂದು ಇವರು ರೇಗುವುದು, ಇಡೀ ಕ್ಯಾಂಪ್‌ಗ್ರೌಂಡಿಗೆ ಕನ್ನಡ ಪಾಠ. ಒಂದು ಜೊತೆ ವಾಕಿಟಾಕಿ ಕೊಂಡೆವು, ಎಡ ಬಲ ಬಿಟ್ಟು ‘ಚಾಲಕನ ಕಡೆ’, ‘ಆ ಕಡೆ’ ಎನ್ನತೊಡಗಿದೆವು, ಸಮಸ್ಯೆ ಮುಗಿಯಿತು. ಕೊಂಡಿ ಹಾಕುವವರನ್ನು ಮಧ್ಯದಲ್ಲಿ ಮಾತಾಡಿಸಬಾರದು ಎಂಬುದು ಇನ್ನೊಂದು ಕಟ್ಟಳೆ. ಎಲ್ಲಕ್ಕಿಂತ ಮುಖ್ಯವಾಗಿ ಇಬ್ಬರಿಗೂ ಗಾಡಿ ಓಡಿಸಲು, ಕೊಳಚೆ ಪೈಪು ಬಿಚ್ಚಲು, ಬ್ರೇಕರ್ ಎತ್ತಲು ಬರಬೇಕು. ‘ಅದೆಲ್ಲ ಅವರು ನೋಡಿಕೊಳ್ತಾರೆ’ ಎಂದು ಕೂರುವ ಅಕ್ಕಂದಿರನ್ನು ನಾನು ಕಂಡಿದ್ದೇನೆ. ಕಾಡಿನ ನಡುವೆ ಗಂಡನಿಗೆ ಎದೆನೋವು ಬಂದರೆ 40 ಅಡಿ ಗಾಡಿಯನ್ನೂ ನಾಯಿಗಳನ್ನೂ ಯಾರು ಆಚೆ ತರುತ್ತಾರೆ? ನಾನು 61ನೇ ವಯಸ್ಸಿನಲ್ಲಿ ಖಾಲಿ ಪಾರ್ಕಿಂಗ್ ಜಾಗದಲ್ಲಿ ಮೂರು ದಿನ ಅಭ್ಯಾಸ ಮಾಡಿ ಕಲಿತೆ.

ನಮ್ಮ ಅಡುಗೆಯಲ್ಲೂ ಎಚ್ಚರ ಬೇಕು. ಪುಟ್ಟ ಅಡುಗೆಮನೆಯಲ್ಲಿ ನಾಯಿ ಮಲಗುವುದು ಒಲೆಯ ಬುಡದಲ್ಲೇ. ಈರುಳ್ಳಿ, ಬೆಳ್ಳುಳ್ಳಿ ಅವುಗಳ ರಕ್ತಕಣಗಳನ್ನು ಹಾಳುಮಾಡುತ್ತವೆ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಮಾರಕ. ಉಪ್ಪಿಟ್ಟು, ಹುಳಿ, ಕೇಸರಿಬಾತು ಕೆಳಗೆ ಬೀಳದಂತೆ ನೋಡಿಕೊಳ್ಳಿ.

ಆರೋಗ್ಯದ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಅಲೆಯುವ ನಾಯಿಯ ಮೈಯಲ್ಲಿ ಅದು ತಿರುಗಿದ ಊರುಗಳ ಕಾಯಿಲೆ ಇರುತ್ತದೆ, ಅದನ್ನು ನೋಡುವ ವೈದ್ಯರು ಮಾತ್ರ ಬೇರೆ ಊರಿನವರು. ಅರಿಜೋನಾದ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ವ್ಯಾಲಿ ಫೀವರ್ ಬರುತ್ತದೆ. ಕೆಮ್ಮು, ಜ್ವರ, ಕುಂಟುವಿಕೆ ಎಷ್ಟೋ ವಾರಗಳ ಮೇಲೆ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ನೀವು ಮೇನ್‌ನಲ್ಲಿರುತ್ತೀರಿ, ಅಲ್ಲಿಯ ವೈದ್ಯರಿಗೆ ಆ ರೋಗದ ನೆನಪೇ ಬರದಿರಬಹುದು. ಹಾಗೆಯೇ ಈಶಾನ್ಯ ರಾಜ್ಯಗಳ ಉಣುಗಿನಿಂದ ಬರುವ ಲೈಮ್ ರೋಗ ಟೆಕ್ಸಸ್‌ನಲ್ಲಿ ಕಾಣಿಸಬಹುದು. ಆದ್ದರಿಂದ ಯಾವ ತಾರೀಕಿಗೆ ಎಲ್ಲಿದ್ದಿರಿ ಎಂಬ ಪಟ್ಟಿ ಬರೆದಿಟ್ಟುಕೊಂಡು ವೈದ್ಯರ ಮುಂದೆ ಇಡಿ. ಸೊಳ್ಳೆಯಿಂದ ಬರುವ ಹೃದಯದ ಹುಳುವಿಗೆ ತಿಂಗಳ ಮಾತ್ರೆ ವರ್ಷಪೂರ್ತಿ ತಪ್ಪಿಸಬಾರದು. ಕ್ಯಾಲಿಫೋರ್ನಿಯಾದ ಒಣಹುಲ್ಲಿನ ಫಾಕ್ಸ್‌ಟೇಲ್ ಮುಳ್ಳು ಕಿವಿ, ಬೆರಳ ಸಂದಿಯಲ್ಲಿ ಹೊಕ್ಕು ಒಳಗೊಳಗೇ ಸರಿಯುತ್ತದೆ, ದಿನಾ ಸಂಜೆ ಬೆರಳಾಡಿಸಿ ನೋಡಿ. ಮರುಭೂಮಿಯ ಚೋಯಾ ಕಳ್ಳಿಯ ಮುಳ್ಳುಂಡೆ ತೆಗೆಯಲು ಜೇಬಿನಲ್ಲೊಂದು ಬಾಚಣಿಗೆ ಇರಲಿ. ರೇಬೀಸ್ ಲಸಿಕೆಯ ಪ್ರಮಾಣಪತ್ರ ಕೈಗೆ ಸಿಗುವಂತಿರಲಿ, ಕೊರಳಿನ ಬಿಲ್ಲೆ ಸಾಲದು. ಮೈಕ್ರೋಚಿಪ್ ದಾಖಲೆಯಲ್ಲಿ ಹಳೆ ಮನೆಯ ನಂಬರ್ ಉಳಿದಿಲ್ಲವಷ್ಟೇ, ಇವತ್ತೇ ನೋಡಿ.

ಸಾಹಿತಿ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಚಾರ್ಲಿ ಎಂಬ ಪೂಡಲ್ ನಾಯಿಯೊಂದಿಗೆ ಟ್ರಕ್ಕಿನ ಗಾಲಿಮನೆಯಲ್ಲಿ ಅಮೆರಿಕ ಸುತ್ತಿದಾಗಲೂ ಚಾರ್ಲಿ ಕಾಯಿಲೆ ಬಿದ್ದು, ಟೆಕ್ಸಸ್‌ನ ಅಮರಿಲೊದಲ್ಲಿ ಅವನನ್ನು ಪಶುವೈದ್ಯರ ಬಳಿ ಬಿಡಬೇಕಾಯಿತು. ಆ ಗಾಡಿಯನ್ನು ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿ ನೋಡಬಹುದು.

ಮನೆ ಮಾರಿದ ಮೇಲೆ ವಿಳಾಸ ಯಾವುದು? ಪೂರ್ಣಾವಧಿ ಅಲೆಮಾರಿಗಳು ಹೆಚ್ಚಾಗಿ ಸೌತ್ ಡಕೋಟಾ, ಟೆಕ್ಸಸ್, ಫ್ಲಾರಿಡಾಗಳನ್ನು ಆರಿಸುತ್ತಾರೆ. ಈ ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ, ಪತ್ರ ಸಂಗ್ರಹಿಸಿ ಕಳಿಸುವ ಸಂಸ್ಥೆಗಳಿವೆ. ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿರುವ ಎಸ್ಕೇಪೀಸ್ ಕ್ಲಬ್ 1978ರಲ್ಲಿ ಶುರುವಾದದ್ದು. ವಯಸ್ಸಾಗಿ ಓಡಾಡಲಾಗದ ಸದಸ್ಯರು ತಮ್ಮ ಗಾಡಿಯಲ್ಲೇ ಇದ್ದುಕೊಂಡು ಆರೈಕೆ ಪಡೆಯುವ ಕೇಂದ್ರವೂ ಅಲ್ಲಿದೆ. ವಿಮೆ ಕೊಳ್ಳುವಾಗ ಗಾಡಿಯಲ್ಲೇ ವಾಸ ಎಂದು ತಿಳಿಸಿ, ರಜೆಯ ಪ್ರವಾಸದ ವಿಮೆ ಇದಕ್ಕೆ ಸಾಲದು. 65ರ ಒಳಗಿನವರ ಆರೋಗ್ಯ ವಿಮೆ ಒಂದು ರಾಜ್ಯದ ಆಸ್ಪತ್ರೆಗಳಿಗೆ ಸೀಮಿತವಾಗಿರುವುದು ಸಾಮಾನ್ಯ, ಮನೆ ಮಾರುವ ಮೊದಲು ಇದನ್ನು ವಿಚಾರಿಸಿ.

ನಮ್ಮವರಿಗೆ ಎರಡು ವಿಶೇಷ ಎಚ್ಚರಿಕೆ. ಎಚ್-1ಬಿ ವೀಸಾದಲ್ಲಿರುವವರು ಕೆಲಸದ ಜಾಗ ಬದಲಿಸಿದರೆ ಅರ್ಜಿಯನ್ನೇ ತಿದ್ದಬೇಕಾಗುತ್ತದೆ, ಲ್ಯಾಪ್‌ಟಾಪ್ ಹಿಡಿದು ಊರೂರು ತಿರುಗುವುದು ಅವರಿಗಲ್ಲ. ಗ್ರೀನ್ ಕಾರ್ಡ್‌ನವರೂ ವಿಳಾಸ ಬದಲಾದ 10 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಇನ್ನು ನಾಯಿಯನ್ನು ಕೆನಡಾಕ್ಕೆ ಕರೆದೊಯ್ದು ಬರುವುದು ಸುಲಭ. 2024ರ ಆಗಸ್ಟ್‌ನಿಂದ ಜಾರಿಯಾದ ನಿಯಮದಂತೆ ಅಮೆರಿಕಕ್ಕೆ ಬರುವ ನಾಯಿಗೆ 6 ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು, ಒಂದು ಫಾರ್ಮ್ ಭರ್ತಿ ಮಾಡಬೇಕು. ಊರಿಗೆ ಕರೆದುಕೊಂಡು ಬಂದು ವಾಪಸು ಹೋಗುವುದು ಬೇರೆಯೇ ಕಥೆ. ನಾಯಿ ರೇಬೀಸ್ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇದೆ. ಅಮೆರಿಕ ಬಿಡುವ ಮೊದಲೇ ಅಲ್ಲಿಯ ಪಶುವೈದ್ಯರಿಂದ ಲಸಿಕೆಯ ಪ್ರಮಾಣಪತ್ರ ಮಾಡಿಸಿ ಕೃಷಿ ಇಲಾಖೆಯ ದೃಢೀಕರಣ ಪಡೆಯದಿದ್ದರೆ, ಹಿಂದಿರುಗುವಾಗ ರಕ್ತಪರೀಕ್ಷೆ, ಪ್ರತ್ಯೇಕವಾಸ ಎಂದು ಸಿಕ್ಕಿಬೀಳುತ್ತೀರಿ.

ಇಷ್ಟೆಲ್ಲ ಕೇಳಿಯೂ ಮನಸ್ಸಿದ್ದರೆ, ಮನೆ ಮಾರುವ ಮೊದಲು ನಾಯಿಗೆ ಅವಕಾಶವಿರುವ ಗಾಡಿಯೊಂದನ್ನು ಮೂರು ವಾರಕ್ಕೆ ಬಾಡಿಗೆಗೆ ಪಡೆಯಿರಿ. ಅಕ್ಟೋಬರ್‌ನ ಹಿತದಲ್ಲಿ ಬೇಡ, ಜುಲೈನಲ್ಲಿ. ನಿಮ್ಮಿಬ್ಬರ ಉತ್ಸಾಹವನ್ನು ಬದಿಗಿಟ್ಟು ನಾಯಿ ಊಟ ಮಾಡುತ್ತಿದೆಯೇ, ರಾತ್ರಿ ನಿದ್ದೆ ಮಾಡುತ್ತಿದೆಯೇ, ಎಂಜಿನ್ ಶಬ್ದಕ್ಕೆ ನಡುಗುತ್ತದೆಯೇ ಎಂದು ದಿನಾ ಬರೆದಿಡಿ. ಬೆಳ್ಳಿ ಮೊದಲ ಹತ್ತು ದಿನ ಟ್ರಕ್ಕಿನಲ್ಲಿ ಜೊಲ್ಲು ಸುರಿಸಿದಳು, ಮೂರನೇ ವಾರ ತಾನೇ ಜಿಗಿದು ಕೂತಳು. ಪಕ್ಕದ ಗಾಡಿಯವರ ಹನ್ನೊಂದು ವರ್ಷದ ಮುದಿ ನಾಯಿ ಎರಡು ತಿಂಗಳಾದರೂ ಒಗ್ಗಲಿಲ್ಲ, ಸ್ಲೈಡ್ ಕದಲಿದರೆ ಸಾಕು ಮೇಜಿನ ಕೆಳಗೆ ಹೋಗಿ ನಡುಗುತ್ತಿತ್ತು. ಅವರು ಗಾಡಿ ಮಾರಿ ಹಿತ್ತಿಲಿರುವ ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿದರು. ಮೊನ್ನೆ ಫೋಟೊ ಕಳಿಸಿದ್ದರು, ಹಿತ್ತಿಲ ಬಿಸಿಲಿನಲ್ಲಿ ಅದು ನಾಲ್ಕೂ ಕಾಲು ಚಾಚಿ ಮಲಗಿತ್ತು.